ನಲವತ್ತೊಂದನೇ ಪುಟ

ಈ ಊರಿನ ಚರಿತ್ರೆ ಬರೆದವನು ನಾನೇ. ಬೇರೆ ಯಾರೂ ಬರೆಯದ ಕಾರಣ ನಾನು ಬರೆದದ್ದೇ ವೇದವಾಕ್ಯವಾಯಿತು. ಎರಡು ಗುಡ್ಡಗಳ ನಡುವಿನ ಹೊಳೆದಂಡೆಯುದ್ದಕ್ಕೂ ನಡಿಗೆ ಹಾದಿ ಮಾಡಲು ಹೊರಟ ನಗರಸಭೆಯವರು, ಉಳಿಸಬೇಕಾದ ಹಳೆಯ ಕಟ್ಟಡಗಳ ಪಟ್ಟಿಯನ್ನು ನನ್ನ ಪುಸ್ತಕ ನೋಡಿಯೇ ಮಾಡಿದರು. ಸುದ್ದಿ ಕೇಳಿ ಉಬ್ಬಿ ಹೋಗಿದ್ದೆ.

ಪಟ್ಟಿಯಲ್ಲಿ ಸುಂಕದ ಮನೆ ಇರಲಿಲ್ಲ. ಸೇತುವೆ ಬರುವ ಮೊದಲು ದೋಣಿಯಲ್ಲಿ ದಾಟುವವರು ಸುಂಕ ಕಟ್ಟುತ್ತಿದ್ದ ಕಲ್ಲಿನ ಮನೆ ಅದು. ಊರು ಬೆಳೆದದ್ದೇ ಅದರ ಸುತ್ತ. ಈಗ ಅಲ್ಲಿ ಕೊನೆಯ ದೋಣಿಯವನ ಮಗಳಿದ್ದಾಳೆ. ಮುಂದಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ, ಊರಿಗೆಲ್ಲ ಇಸ್ತ್ರಿಯಕ್ಕ. ನನ್ನ ಪುಸ್ತಕದ ನಲವತ್ತೊಂದನೇ ಪುಟದ ಪ್ರಕಾರ ಆ ಮನೆ ತಾತನ ಕಾಲದ ಮಹಾಪೂರದಲ್ಲಿ ಕೊಚ್ಚಿ ಹೋಗಿದೆ.

ಕೊಚ್ಚಿ ಹೋದದ್ದು ಆಚೆ ದಡದ್ದು. ಎರಡೂ ದಡದಲ್ಲಿ ಒಂದೊಂದು ಸುಂಕದ ಮನೆ ಇತ್ತೆಂಬುದು ನನಗೆ ಹೊಳೆಯಲೇ ಇಲ್ಲ. ಹಳೆಯ ಪತ್ರಿಕೆಯ ತುಣುಕೊಂದನ್ನು ಮುಂದಿಟ್ಟುಕೊಂಡು, ಫ್ಯಾನಿನ ಕೆಳಗೆ ಕೂತು ಬರೆದುಬಿಟ್ಟೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮೂವತ್ತು ವರ್ಷ ಮಕ್ಕಳ ತಲೆ ತಿಂದ ಮೇಷ್ಟ್ರು ನಾನು, ಹತ್ತು ನಿಮಿಷದ ದಾರಿಯ ಮನೆಯನ್ನು ಹೋಗಿ ನೋಡಲಿಲ್ಲ. ನನ್ನ ಅಂಗಿಗಳು ಮಾತ್ರ ಹೆಂಡತಿಯ ಕೈಯಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುತ್ತಿದ್ದವು.

ಕೆಡವುವ ನೋಟಿಸು ಬಂದ ಮೇಲೆ ಹೋದೆ. ಅಕ್ಕ ಇಸ್ತ್ರಿ ಮೇಜು ಸರಿಸಿ ಗೋಡೆ ತೋರಿಸಿದಳು. ಪೂರದ ನೀರು ಎಲ್ಲಿಯವರೆಗೆ ಏರಿತ್ತೆಂದು ಕಲ್ಲಿನಲ್ಲಿ ಗೆರೆ ಕೊರೆದು ಇಸವಿ ಹಾಕಿದ್ದರು. ನನ್ನ ಪುಸ್ತಕದ ಮಹಾಪೂರದ್ದೇ ಇಸವಿ. ತಪ್ಪು ನನ್ನದೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ನಗರಸಭೆಗೆ ಹೇಳಿದೆ, ಬರೆದೂ ಕೊಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಗೆರೆಯನ್ನು ಯಾರು ಬೇಕಾದರೂ ಕೊರೆಯಬಹುದು, ಪಟ್ಟಿಗೆ ಸಹಿಯೂ ಆಗಿದೆ ಎಂದರು ಎಂಜಿನಿಯರು. ತಿದ್ದುಪಡಿಯನ್ನು ಎರಡನೇ ಮುದ್ರಣದಲ್ಲಿ ಹಾಕಿಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು.

ಇವತ್ತು ಬೆಳಿಗ್ಗೆ ಬುಲ್ಡೋಜರ್ ಬಂತು. ನಾನೂ ಹೋಗಿ ನಿಂತೆ. ನಿಲ್ಲುವುದು ಬಿಟ್ಟು ಮಾಡುವುದೇನೂ ಉಳಿದಿರಲಿಲ್ಲ. ಅಕ್ಕನಿಗೆ ಗಾಬರಿಯೇ ಇರಲಿಲ್ಲ. ಒಗೆದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನನ್ನ ಪುಸ್ತಕವನ್ನು ಒಳಗಿನಿಂದ ತಂದಳು. ಬಿಡುಗಡೆಯಾದಾಗ ನಾನೇ ದೊಡ್ಡಸ್ತಿಕೆಗೆ ಕಳಿಸಿದ್ದ ಪ್ರತಿ. ಅವಳಿಗೆ ಓದಲು ಬಾರದು.

"ಊರಿಗೇ ಮೊದಲ್ನೇ ಮನೆ ನಮ್ದು ಸಾರ್. ನಮ್ಮ ಮೇಷ್ಟ್ರು ಎಲ್ಲಾ ಬರೆದಿದ್ದಾರೆ," ಎಂದು ಎಂಜಿನಿಯರಿಗೆ ಹೇಳಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. "ಓದಿ ಮೇಷ್ಟ್ರೇ. ಸ್ವಲ್ಪ ಜೋರಾಗಿ ಓದಿ."

ಬೇರೆ ಏನಾದರೂ ಓದಿಬಿಡಲೇ ಅನಿಸಿತು. ಆದರೆ ಎಂಜಿನಿಯರಿಗೆ ಆ ಪುಟ ನನಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ನಲವತ್ತೊಂದನೇ ಪುಟ ತೆಗೆದು ಓದಿದೆ.

ಅಕ್ಕ ಬಾಗಿ ಆ ಪುಟವನ್ನು ನೋಡಿದಳು.

"ಕೊಚ್ಚಿಕೊಂಡು ಹೋಗಿದ್ರೆ, ಇಷ್ಟು ವರ್ಷ ನಾವು ಎಲ್ಲಿದ್ವಿ ಮೇಷ್ಟ್ರೇ?"

ಆಮೇಲೆ ಒಳಗೆ ಹೋಗಿ ಊರವರ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಹೊರಗೆ ತಂದಿಡತೊಡಗಿದಳು. ಮೊದಲನೆಯದು ನನ್ನದು. ಇಸ್ತ್ರಿ ಆಗಿದೆ, ತಗೊಂಡು ಹೋಗಿ ಎಂದಳು.