ಮುಯ್ಯಾಳಿನ ದರ

ನೀತಾಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅಂಗಳಕ್ಕೆ ಹೋಗಿ ಗದ್ದೆ ನೋಡುವಳು, ಒಳಗೆ ಬಂದು ಆಯಿಯ ಮುಖ ನೋಡುವಳು. ಮಡಿಯಲ್ಲಿ ಭತ್ತದ ಅಗೆ ಬಲಿತು ನಿಂತಿತ್ತು. ಈ ವಾರ ಕಿತ್ತು ನೆಡದಿದ್ದರೆ ಆ ಸಸಿ ದನದ ಬಾಯಿಗೇ ಸೈ, ವರ್ಷದ ಅನ್ನ ಮಣ್ಣುಪಾಲು. ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಒಬ್ಬಳಾದರೂ ಬಂದಿರಬೇಕಲ್ಲ! ಊಹೂಂ.

ತಪ್ಪು ಯಾರದ್ದು ಎಂದು ಕೇಳಿದರೆ, ಅಯ್ಯೋ, ಕಾರವಾರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ಈ ಮಹಾತಾಯಿಯದ್ದೇ. ಜನ ದುಡ್ಡಿಗೆ ದುಡಿಯುತ್ತಾರೋ, ಮರ್ಯಾದೆಗೆ ದುಡಿಯುತ್ತಾರೋ ಎಂಬುದು ಅವಳ ಸಂಶೋಧನೆ. ಅದಕ್ಕೆ ಬೇರೆ ಊರು ಸಿಗಲಿಲ್ಲವೇ? ಅಂಕೋಲೆಯ ಪಕ್ಕದ ತನ್ನೂರಿನಲ್ಲೇ ಮನೆಮನೆ ಹೊಕ್ಕಳು. ಇಲ್ಲಿ ನೆಟ್ಟಿಗೆ ಕೂಲಿಯಿಲ್ಲ, ಮುಯ್ಯಾಳು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. "ನೂರು ರೂಪಾಯಿ ಕೊಟ್ರೆ ಬರ್ತೀರಾ?" ಎಂದು ಇವಳು ಕೇಳಿದಳು. ಹೆಂಗಸರೆಲ್ಲ ಚಾ ಕೊಟ್ಟು, "ಬತ್ತೆವಪ್ಪ, ಬರದೆ ಎಂತಾ?" ಎಂದು ನಕ್ಕರು. ಮನೆಗೆ ಬಂದ ಓದಿದ ಹುಡುಗಿಗೆ ಇಲ್ಲ ಎನ್ನುವುದು ಹೇಗೆ?

ಆ ನಗುವನ್ನೇ ನಂಬಿ ನೀತಾ ತಾಯಿ ಯಶೋದಾಳಿಗೆ ಹೇಳಿದಳು, "ಆಯಿ, ನಿನ್ನ ಮಂಡಿ ನೋವಲ್ಲಿ ಮುಯ್ಯಿ ತೀರಿಸುಕೆ ಆಗ್ತದಾ? ಈ ಸಲ ದುಡ್ಡು ಕೊಡುವಾ." ಯಶೋದಾ ಬೇಡ ಬೇಡವೆಂದರೂ ಕೇಳದೆ ನೀತಾ ಮನೆಮನೆಗೆ ಮುಂಗಡ ಹಂಚಿ ಬಂದಳು. ಮರುದಿನ ನೋಟುಗಳೆಲ್ಲ ವಾಪಸು ಬಂದು ನೀತಾಳ ಮನೆಯ ಜಗುಲಿಯ ಮೇಲೆ ಕಲ್ಲಿನಡಿ ಕೂತಿದ್ದವು.

ಹೊರಗಿನ ಆಳು ತರೋಣವೆಂದು ಬೇಲೆಕೇರಿಯವರೆಗೂ ಅಲೆದಳು. ಎಲ್ಲರ ನೆಟ್ಟಿಯೂ ಒಂದೇ ಹೊತ್ತಿಗೆ, ಯಾರು ಬರುತ್ತಾರೆ?

"ಎಂತಾ ಮಾಡಿಟ್ಟೆ ನೀನು!" ಎಂದಳು ಯಶೋದಾ. "ನಂಗೆ ಬಗ್ಗುಕೆ ಆಗದೆ ಎಷ್ಟು ವರ್ಷ ಆತು? ಆದ್ರೂ ಅವ್ರು ಬರ್ತಿದ್ರು. ನೆಟ್ಟಿ ಮುಗ್ಯುವರೆಗೆ ಅವ್ರ ಮಕ್ಕಳ್ನ ನಾ ನೋಡ್ಕಂತಿದ್ದೆ, ಅದೇ ನನ್ನ ಮುಯ್ಯಿ. ಈಗ ಒಂದು ಮಗೂನೂ ಬರೂದಿಲ್ಲ. ಯಾವ ಮುಖ ಹೊತ್ಕಂಡು ಓಣಿಲಿ ತಿರುಗ್ಲಿ?"

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದರೆ ಇದೇ.

ಮರುದಿನ ಬೆಳಿಗ್ಗೆ ಅವಳು ನೆರೆಮನೆಯ ಕಾಮಿಯ ಗದ್ದೆಗೆ ಕರೆಯದೆಯೇ ಇಳಿದಳು. ನೆಡುತ್ತಿದ್ದ ಹೆಂಗಸರ ಮಾತು ನಿಂತಿತು.

"ಕಾಲೇಜಿನೋರು ಕೆಸರು ಅಳೀಲಿಕ್ಕೆ ಬಂದ್ರಾ?" ಎಂದಳು ಆಚೆಮನೆಯ ನಾಗಮ್ಮ. ಎಲ್ಲರೂ ಕಿಸಕ್ಕನೆ ನಕ್ಕರು.

ನೀತಾ ಬಗ್ಗಿ ಅಗೆಯ ಕಟ್ಟು ಬಿಚ್ಚಿದಳು. ಅವಳು ನೆಟ್ಟ ಮೊದಲ ಸಾಲು ನೀರಿನಲ್ಲಿ ತೇಲಿತು. ಕಾಮಿ ಬಂದು ಸುಮ್ಮನೆ ಅದನ್ನು ಮತ್ತೆ ಊರಿ ಹೋದಳು. ಮಳೆ ಬಂತು, ಹೋಯಿತು, ಮತ್ತೆ ಬಂತು. ನೀತಾಳ ಸೊಂಟ ಬಿದ್ದೇಹೋಯಿತು.

ಹೊತ್ತು ಮುಳುಗುವಾಗ ಕಾಮಿ ಕೈಕಾಲು ತೊಳೆದು, ಸೊಂಟದ ಚೀಲದಿಂದ ನೂರರ ನೋಟು ತೆಗೆದು ಚಾಚಿದಳು. "ತಕೋ ತಂಗಿ. ನೀನೇ ಹೇಳಿದ ದರ."

ಎಲ್ಲರೂ ನೋಡುತ್ತಿದ್ದರು. ನೀತಾಳಿಗೆ ಕೆನ್ನೆಗೆ ಹೊಡೆಸಿಕೊಂಡಷ್ಟು ಉರಿಯಿತು. ಅವರ ಮನೆಬಾಗಿಲಲ್ಲಿ ನಿಂತು ತಾನು ಕೊಟ್ಟ ಪೆಟ್ಟು ಇದೇ ಎಂದು ಆಗಲೇ ತಿಳಿಯಿತು. ಕೆಸರಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ ಚಿಕ್ಕಿ. ಬಾಕಿ ಇರ್ಲಿ."

"ನನ್ನ ತಲೆ ಮೇಲೆ ಸಾಲ ಹೊರಿಸ್ತ್ಯಾ?"

"ಹೌದು."

ಕಾಮಿ ಅವಳನ್ನು ದಿಟ್ಟಿಸಿ ನೋಡಿದಳು. ನೋಟನ್ನು ಮಡಿಸಿ ಚೀಲಕ್ಕೆ ತುರುಕಿದಳು. "ನಾಡಿದ್ದು ಬತ್ತೆ. ನಾ ಒಬ್ಳೇ. ಉಳ್ದೋರಿಗೆ ನಾ ಹೇಳೂದಿಲ್ಲ, ಹಾಂ."

ನೀತಾ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಕೆಸರು ಬಳಿದುಕೊಂಡಳು. ಹಾಗೆಯೇ ನಾಗಮ್ಮನ ಕಡೆ ತಿರುಗಿದಳು.

"ಚಿಕ್ಕಿ, ನಾಳೆ ನಿಮ್ಮ ಗದ್ದೆಗೆ ಎಷ್ಟೊತ್ತಿಗೆ ಬರ್ಲಿ?"