ಬರಿಯ ಹಗ್ಗದ ಭಾರ

ಗಂತೂಸ್ ಸತ್ತ ಮೇಲೆ ಇಂಜಿನ್ ನೋಡಿಕೊಳ್ಳುವ ಕೆಲಸ ಅವನ ತಂಗಿ ವದಾದಳ ಪಾಲಿಗೆ ಬಂತು. ಐನ್ ತಲ್ಜ್ ಎಂಬ ಬೆಟ್ಟದ ಊರಿನವರೇ ಕೈಗೆ ಕೈ ಸೇರಿಸಿ, ಹಿಮದ ಮೇಲೆ ಜಾರಲು ಮಾಡಿಕೊಂಡ ಸ್ಕೀ ಗುಡ್ಡ ಅದು. ಕೆಳಗೆ ಹಳೆಯ ಟ್ರ್ಯಾಕ್ಟರಿನ ಇಂಜಿನ್, ತುದಿಯಲ್ಲೊಂದು ರಾಟೆ, ನಡುವೆ ಸುತ್ತುವ ಹಗ್ಗ. ಹಿಡಿದುಕೊಂಡವರನ್ನು ಹಗ್ಗ ಮೇಲಕ್ಕೆಳೆಯುತ್ತದೆ. ಅಲ್ಲಿಂದ ಜಾರಿಕೊಂಡು ಬರಬೇಕು. ಹಿಂದಿನ ಚಳಿಗಾಲದಲ್ಲಿ, ರಾಟೆಗೆ ಕಟ್ಟಿದ ಮಂಜುಗಡ್ಡೆ ಬಡಿದು ತೆಗೆಯಲು ಹೋದ ಗಂತೂಸ್ ದಟ್ಟ ಮಂಜಿನ ಕಾವಳದಲ್ಲಿ ದಾರಿ ತಪ್ಪಿದ. ಹಿಮ ಕರಗಿದಾಗ ಕೊರಕಲಿನಲ್ಲಿ ಸಿಕ್ಕಿದ.

ಈ ಸಲ ಗುಡ್ಡ ತೆರೆದ ಮೊದಲ ದಿನವೇ ವದಾದಳಿಗೆ ಗೊತ್ತಾಯಿತು. ಸಂಜೆ ಎಲ್ಲರೂ ಇಳಿದು, ಹಗ್ಗ ಬರಿದಾದ ಮೇಲೂ ಇಂಜಿನ್ ಏದುತ್ತಿತ್ತು. ಒಬ್ಬ ಆಳು ಹಿಡಿದು ಮೇಲೇರುವಾಗ ಏದುವ ಹಾಗೆಯೇ.

“ಆಫ್ ಮಾಡಮ್ಮಾ. ಯಾವ ಮದುವೆ ದಿಬ್ಬಣ ಕಾಯ್ತಿದ್ದೀಯ?” ಎಂದ, ಪಕ್ಕದಲ್ಲೇ ಕಾಫಿ ಮಾರುವ ಮುದುಕ ಜ್ರೈಸ್. ಮಗನ ಹೆಸರು ಹಿಡಿದು ಊರವರು ಅವನನ್ನು ಅಬೂ ಮಿಲ್ಹಿಮ್ ಎಂದೇ ಕರೆಯುತ್ತಿದ್ದರು.

“ಯಾರೋ ಹಗ್ಗ ಹಿಡ್ಕೊಂಡಿದಾರೆ, ಅಬೂ ಮಿಲ್ಹಿಮ್.”

“ಹೂಂ, ದೆವ್ವ ಹಿಡ್ಕೊಂಡಿದೆ! ಮಂಜು ಕಟ್ಟಿದೆ ಕಣೇ ಹುಚ್ಚಿ.”

ವದಾದ್ ದಿನಾ ಸಂಜೆ ಆ ಏದುಸಿರು ನಿಲ್ಲುವವರೆಗೆ ಕಾಯುತ್ತಿದ್ದಳು. ಡೀಸೆಲ್ ಸುಮ್ಮನೆ ಸುಡುತ್ತಾಳೆ ಎಂದು ಊರು ಗೊಣಗಿತು.

ಒಂದು ಮಧ್ಯಾಹ್ನ ಕಾವಳ ದಟ್ಟವಾಗಿ ಇಳಿಯಿತು. ಜನರೆಲ್ಲ ಮನೆ ಸೇರಿದರು. ಹಗ್ಗ ಮಾತ್ರ ಎಂದಿಗಿಂತ ಭಾರವಾಗಿತ್ತು. ವದಾದ್ ಸ್ಕೀ ಕಟ್ಟಿಕೊಂಡು ಜ್ರೈಸನ ಕಡೆ ತಿರುಗಿದಳು.

“ನಾನು ಇಳಿಯೋ ತನಕ ಇಂಜಿನ್ ಮುಟ್ಟಬೇಡಿ.”

“ನೀನೂ ನಿಮ್ಮಣ್ಣನ ದಾರೀನೇ ಹಿಡೀತೀಯಾ? ವದಾದ್! ಏ!”

ಅವಳು ಆಗಲೇ ಹಗ್ಗ ಹಿಡಿದಾಗಿತ್ತು. ಕೆಳಗಿನ ಊರು ಕಾವಳದಲ್ಲಿ ಅಳಿಸಿಹೋಯಿತು. ತುದಿಯಲ್ಲಿ ರಾಟೆ ಕಿರುಗುಟ್ಟುತ್ತಿತ್ತು, ಯಾರೂ ಇರಲಿಲ್ಲ. ಆದರೆ ಹೊಸ ಹಿಮದ ಮೇಲೆ ಒಬ್ಬರದೇ ಸ್ಕೀ ಜಾಡು ಕೊರಕಲಿನ ಕಡೆಗೆ ಹೋಗಿತ್ತು. ಎಡಗಾಲಿನದು ಹೊರಕ್ಕೆ ವಾಲಿತ್ತು. ಹುಟ್ಟಿದಾಗಿನಿಂದ ಗಂತೂಸನ ಎಡಗಾಲು ಹಾಗೇ.

ಅಂಚಿನವರೆಗೂ ಹೋಗಿ ನಿಂತಳು.

“ಅಣ್ಣಾ, ಸಾಕು. ರಾಟೆ ಚೆನ್ನಾಗೇ ಇದೆ, ನಾನೇ ನೋಡ್ದೆ. ಮನೆಗೆ ಬಾ.”

ಅವಳು ಹಿಂದಕ್ಕೆ ತಿರುಗಿ, ಹಗ್ಗದ ಪಕ್ಕದಲ್ಲೇ ನಿಧಾನವಾಗಿ ಜಾರುತ್ತಾ ಇಳಿದಳು. ಸ್ವಲ್ಪ ದೂರ ಬಂದ ಮೇಲೆ ಬೆನ್ನ ಹಿಂದೆ ಇನ್ನೊಂದು ಜೊತೆ ಸ್ಕೀ ಹಿಮ ಕೆರೆಯುವ ಸದ್ದು ಕೇಳಿಸಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಜ್ರೈಸ್ ಅಂಗಡಿಯೊಳಗೆ ಬೈಯುತ್ತಲೇ ಏಲಕ್ಕಿ ಕಾಫಿ ಬಗ್ಗಿಸುತ್ತಿದ್ದ. ಮೂರು ಬಟ್ಟಲು ಇಟ್ಟಿದ್ದ.

“ಮೂರನೇದು ಯಾರಿಗೆ?” ಎಂದಳು ವದಾದ್.

“ನಿನ್ನ ಹಿಂದೇನೇ ಇಳಿದು ಬಂದ್ನಲ್ಲ, ಅವನಿಗೆ. ಹೊರಗೆ ಸ್ಕೀ ಬಿಚ್ತಾ…”

ಮುದುಕ ಬಾಗಿಲ ಕಡೆ ನೋಡಿದ. ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಹೊರಗೆ ಗೋಡೆಗೆ ಒರಗಿದ್ದದ್ದು ವದಾದಳ ಸ್ಕೀ ಮಾತ್ರ. ಆತ ಶಿಲುಬೆಯ ಗುರುತು ಹಾಕಿಕೊಂಡು, ಮೂರನೆಯ ಬಟ್ಟಲನ್ನು ಮುಟ್ಟದೆ ಹಾಗೇ ಬಿಟ್ಟ.

ಮಾರನೆಯ ದಿನ ಊರವರು ಕೊರಕಲಿನ ಅಂಚಿಗೆ ಬೇಲಿ ಕಟ್ಟಿದರು. ಹಗ್ಗ ಹಗುರವಾಗಿ ಓಡಿತು. ಇಂಜಿನ್ನಿಗೆ ಯಾರು ಔಷಧಿ ಕೊಟ್ಟರು ಎಂದು ಜನ ನಗೆಯಾಡಿದರು. ಸಂಜೆ ಎಲ್ಲರೂ ಹೋದ ಮೇಲೆ ವದಾದ್ ಕೈಗವಸು ಬಿಚ್ಚಿ, ಓಡುವ ಹಗ್ಗದ ಮೇಲೆ ಅಂಗೈ ಇಟ್ಟಳು. ಜ್ರೈಸ್ ಬಂದು ಪಕ್ಕದಲ್ಲಿ ನಿಂತ. ಆಫ್ ಮಾಡು ಎನ್ನಲಿಲ್ಲ.

“ಇಲ್ವಾ?”

“ಇಲ್ಲ.”

“ಒಳ್ಳೇದೇ ಆಯ್ತಲ್ಲಮ್ಮಾ.”

“ಹೂಂ,” ಎಂದಳು. ಮತ್ತೂ ಸ್ವಲ್ಪ ಹೊತ್ತು ಇಂಜಿನ್ ಓಡಲು ಬಿಟ್ಟಳು.