ಕಾವಲಿನ ಹಳೆ ನಕ್ಷೆ

"ಕಲ್ಲು ಹೊರಾಕೆ ಬಂದೋಳು ಕಲ್ಲು ಹೊರೇ ಮುಂಡೆ. ನಕ್ಷೆ ನೋಡಿ ನೀನೇನು ಕಿತ್ಕಂತೀಯ?"

ಸರ್ವೆಯವನು ರೇಗಿದ್ದು ನಿಂಗಕ್ಕನ ಮೇಲೆ. ಅರವತ್ತು ದಾಟಿದ ಹೆಂಗಸು. ತಲೆಯ ಮೇಲಿನ ಗಡಿಕಲ್ಲು ಇಳಿಸಿ, ಸಿಂಬೆ ಬಿಚ್ಚಿ ಬೆವರು ಒರೆಸಿಕೊಂಡಳು.

ಮಾಡದಕೆರೆಯಾಚೆಯ ಆ ಹುಲ್ಲುಗಾವಲಿನಲ್ಲಿ ಬೆಳಗಿನಿಂದ ಒಂದೇ ಸಮ ಗಾಳಿ. ಜೀಪಿನ ಬಾನೆಟ್ಟಿನ ಮೇಲೆ ಹರಡಿದ್ದ ನಕ್ಷೆ ಹಾರದಂತೆ ಅವಳ ಸೊಸೆ ಭಾಗ್ಯ ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಬಟ್ಟೆಗೆ ಅಂಟಿಸಿದ, ಬ್ರಿಟಿಷರ ಕಾಲದ ನಕ್ಷೆ. ಕಾವಲಿನ ಹಳೆ ಗಡಿ ಹುಡುಕಲು ಕಚೇರಿಯಿಂದ ತಂದಿದ್ದರು. ಗಡಿ ಗೊತ್ತಾದರೆ ಕಾವಲೆಲ್ಲ ಸೋಲಾರ್ ಕಂಪನಿಗೆ. ನಡುವಿನ ಇಪ್ಪತ್ತು ಗುಡಿಸಲುಗಳ ಹಟ್ಟಿ ಸೋಮವಾರದೊಳಗೆ ಖಾಲಿಯಾಗಬೇಕು. ಬೇರೆ ಕೂಲಿ ಸಿಗದೆ ಆ ಹಟ್ಟಿಯವರೇ ಇವತ್ತು ಕಲ್ಲು ನೆಡಲು ಬಂದಿದ್ದರು.

"ನಮ್ಮ ಹಟ್ಟಿ ಎಲ್ಲೈತೆ ಸ್ವಾಮಿ ಇದ್ರಾಗೆ?" ನಿಂಗಕ್ಕ ಕೇಳಿದಳು.

"ಎಲ್ಲೂ ಇಲ್ಲ. ನಿನ್ನೆ ಮೊನ್ನೆ ಬಂದು ವಕ್ಕರಿಸಿದೋರು ನೀವು. ನೂರು ವರ್ಷದ ನಕ್ಷೆ ಸುಳ್ಳು ಹೇಳ್ತದಾ?"

ಭಾಗ್ಯ ಪಿಯುಸಿ ಓದಿದವಳು. ಬೆರಳ ಪಕ್ಕದ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಆಗಿನಿಂದ ಕೂಡಿಸಿಕೊಳ್ಳುತ್ತಿದ್ದಳು.

"ಐತೆ ಸಾರ್," ಎಂದಳು. "ಬಾವಿ ಗುರ್ತು ಐತೆ. ಪಕ್ಕದಾಗೆ ಓಬಳಯ್ಯನಹಟ್ಟಿ ಅಂತ ಬರ್ದೈತೆ."

"ಓಬಳಯ್ಯ ಅಂದ್ರೆ ನಮ್ಮ ಮಾವನ ತಾತ," ಎಂದಳು ನಿಂಗಕ್ಕ.

ಕಲ್ಲು ಹೊರುತ್ತಿದ್ದವರೆಲ್ಲ ನಿಂತರು.

"ಹಳೇ ನಕ್ಷೆ ನಡೆಯಲ್ಲ. ಕಂಪ್ಯೂಟರ್‌ನಲ್ಲಿ ಇಲ್ಲ ಅಂದ್ರೆ ಇಲ್ಲ," ಎಂದ ಸರ್ವೆಯವನು. ಭಾಗ್ಯಳ ಕೈ ತಳ್ಳಿ ನಕ್ಷೆ ಎಳೆದುಕೊಂಡ. ಗಾಳಿಗೆ ಅದು ಅವನ ಕೈತಪ್ಪಿ ನೆಲಕ್ಕೆ ಬಿತ್ತು. ನಿಂಗಕ್ಕ ಎತ್ತಿಕೊಂಡಳು. ಮಡಚಿ ಮಡಚಿ ಕುಪ್ಪಸದೊಳಗೆ ತುರುಕಿಕೊಂಡಳು.

"ಕೊಡೇ ಮುದುಕಿ. ಸರ್ಕಾರದ ದಾಖಲೆ ಅದು."

"ಸರ್ಕಾರದ್ದು ಅಂತ್ಲೇ ಇಕ್ಕಂಡಿದೀನಿ. ಬೇಕಂದ್ರೆ ಕೈ ಹಾಕಿ ತಗ. ಎಲ್ಲಾರೂ ನೋಡ್ಲಿ."

ಅವನು ಕೈ ಚಾಚಿದ. ಸುತ್ತ ನಿಂತವರ ಮುಖ ನೋಡಿ ಕೈ ಹಿಂದೆ ತಗೊಂಡ. ಜೀಪಿನ ಮರೆಗೆ ಹೋಗಿ ಪೊಲೀಸರಿಗೆ ಫೋನು ಹಚ್ಚಿದ.

ನಿಂಗಕ್ಕ ಅಲ್ಲೇ ಹುಲ್ಲಿನ ಮೇಲೆ ಕುಂತಳು. ಹಟ್ಟಿಯ ಚಿಕ್ಕತಿಮ್ಮಪ್ಪ ಕಲ್ಲು ನೆಡಲು ತಾನು ತೋಡಿದ ಗುಂಡಿಗೆ ಕಾಲಿಂದಲೇ ಮಣ್ಣು ತಳ್ಳತೊಡಗಿದ.

ಇಳಿಜಾರಿನ ಕೆಳಗೆ ಪೊಲೀಸ್ ಜೀಪಿನ ಧೂಳೆದ್ದಿತು. ಭಾಗ್ಯ ಬಂದು ಅತ್ತೆಗೆ ಒತ್ತಿಕೊಂಡು ಕುಂತಳು. ನಿಂಗಕ್ಕ ಉಸಿರೆಳೆದಾಗಲೆಲ್ಲ ಎದೆಯಲ್ಲಿ ನಕ್ಷೆ ಸರಸರ ಎನ್ನುತ್ತಿತ್ತು.

"ಏಳಬ್ಯಾಡ ಅತ್ತೆ."

"ಏಳಲ್ಲ."